ಎಲೆ ಎಣಿಸುವುದು ಹೇಗೆ: ಬ್ಲ್ಯಾಕ್‌ಜಾಕ್‌ನ ಕಾರ್ಡ್ ಕೌಂಟಿಂಗ್ ಕಲಿಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಒಂದು ಇಸ್ಪೀಟ್ ಕಟ್ಟು ತಗೊಳ್ಳಿ. ಅದರಲ್ಲಿರುವ ನಾಲ್ಕು ಐದರ ಎಲೆಗಳನ್ನು ತೆಗೆದು ಪಕ್ಕಕ್ಕಿಡಿ. ಉಳಿದ 48 ಎಲೆಯಲ್ಲಿ ಬ್ಲ್ಯಾಕ್‌ಜಾಕ್ ಆಡಿದರೆ ಆಟ ಕ್ಯಾಸಿನೊ ಕಡೆಯಿಂದ ಆಟಗಾರನ ಕಡೆಗೆ ವಾಲುತ್ತದೆ. ಸರಿಯಾಗಿ ಆಡುವವನಿಗೆ ಸುಮಾರು 3% ಲಾಭ ಸಿಗುತ್ತದೆ. ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಮೇಷ್ಟ್ರು ಎಂಐಟಿಯಲ್ಲಿದ್ದಾಗ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಇದನ್ನು ಕಂಡುಕೊಂಡರು. 1961ರ ಜನವರಿಯಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಅದನ್ನು ಎಲ್ಲರ ಮುಂದೆ ಹೇಳಿದರು. ಕಾರ್ಡ್ ಕೌಂಟಿಂಗ್ ಬೆಳೆದದ್ದು ಅಲ್ಲಿಂದ.

ದಾಳಕ್ಕೆ ನೆನಪಿಲ್ಲ. ಹಿಂದಿನ ಸಲ ಆರು ಬಿತ್ತು ಅಂತ ಈ ಸಲ ಬೀಳದೆ ಇರಲ್ಲ. ಆದರೆ ಇಸ್ಪೀಟಿನಲ್ಲಿ ಬಂದು ಹೋದ ಎಲೆ ಮತ್ತೆ ಕಲಸುವ ತನಕ ವಾಪಸ್ ಬರುವುದಿಲ್ಲ. ಹಾಗಾಗಿ ಏನು ಹೋಯಿತು ಅಂತ ನೋಡಿಕೊಂಡರೆ ಏನು ಉಳಿದಿದೆ ಅಂತ ಗೊತ್ತಾಗುತ್ತದೆ. ರಮ್ಮಿ ಆಡುವಾಗ ಎದುರಿನವರು ಯಾವ ಎಲೆ ಬಿಟ್ಟರು ಅಂತ ಗಮನ ಇಡುತ್ತೀರಿ, ಅಲ್ವಾ? ಅದೇ ಬುದ್ಧಿ ಇಲ್ಲಿ ಒಂದು ಅಂಕಿಯಾಗಿ ನಿಲ್ಲುತ್ತದೆ.

ನಾನು ಅಮೆರಿಕದಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಇದನ್ನು ಕಲಿತೆ. ಎಣಿಕೆಯಲ್ಲಿ ಬರುವುದು ಒಂದನೇ ಕ್ಲಾಸಿನ ಲೆಕ್ಕ. ಒಂದು ಕೂಡಿಸು, ಒಂದು ಕಳೆ, ಅಷ್ಟೇ. ಆ ಲೆಕ್ಕವನ್ನು ಗಂಟೆಗಟ್ಟಲೆ, ಗದ್ದಲದ ನಡುವೆ, ಒಂದೂ ತಪ್ಪದೆ ಮಾಡುವುದೇ ನಿಜವಾದ ಕಷ್ಟ. ಅದಕ್ಕೇ ಈ ಬರಹದಲ್ಲಿ ನಿಯಮಕ್ಕಿಂತ ಅಭ್ಯಾಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಆಟ, ಆಮೇಲೆ ಎಣಿಕೆ

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ನಿಮಗೆ ಎರಡು ಎಲೆ, ಕ್ಯಾಸಿನೊ ಪರವಾಗಿ ಎಲೆ ಹಂಚುವ ಡೀಲರ್‌ಗೆ ಎರಡು ಎಲೆ. ಡೀಲರ್‌ನ ಒಂದು ಎಲೆ ತೆರೆದಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. 21 ದಾಟದೆ ಡೀಲರ್‌ಗಿಂತ ಹೆಚ್ಚು ಮಾಡಬೇಕು. ರಾಜ, ರಾಣಿ, ಗುಲಾಮ ಎಲ್ಲಕ್ಕೂ 10. ಎಕ್ಕ 1 ಆದರೂ ಆಗುತ್ತದೆ, 11 ಆದರೂ ಆಗುತ್ತದೆ. ಮೊದಲ ಎರಡು ಎಲೆಯಲ್ಲೇ ಎಕ್ಕ ಮತ್ತು 10 ಬಂದರೆ ಅದು ಬ್ಲ್ಯಾಕ್‌ಜಾಕ್. ಅದಕ್ಕೆ ಒಂದಕ್ಕೆ ಒಂದೂವರೆ ಪಟ್ಟು ಕೊಡುತ್ತಾರೆ. ಡೀಲರ್‌ಗೆ ಸ್ವಂತ ನಿರ್ಧಾರ ಇಲ್ಲ. 16 ಅಥವಾ ಕಡಿಮೆ ಇದ್ದರೆ ಎಲೆ ತೆಗೆಯಲೇಬೇಕು, 17 ಆದರೆ ನಿಲ್ಲಬೇಕು.

ಎಣಿಕೆಗೆ ಕೈ ಹಾಕುವ ಮುಂಚೆ ಬೇಸಿಕ್ ಸ್ಟ್ರಾಟಜಿ ಬಾಯಿಪಾಠ ಆಗಬೇಕು. ನಿಮ್ಮ ಕೈಯಲ್ಲಿ ಇಷ್ಟಿದೆ, ಡೀಲರ್ ಇಷ್ಟು ತೋರಿಸುತ್ತಿದ್ದಾನೆ, ಆಗ ಏನು ಮಾಡಬೇಕು ಅನ್ನುವ ಪಟ್ಟಿ ಅದು. ಇದನ್ನು ಮೊದಲು ಸರಿಯಾಗಿ ಲೆಕ್ಕ ಹಾಕಿದವರು ಅಮೆರಿಕದ ಸೇನೆಯಲ್ಲಿದ್ದ ನಾಲ್ವರು: ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್. ಕಂಪ್ಯೂಟರ್ ಇಲ್ಲದೆ, ಬರೀ ಮೇಜಿನ ಮೇಲಿಡುವ ಕ್ಯಾಲ್ಕುಲೇಟರ್ ಇಟ್ಟುಕೊಂಡು ಮಾಡಿದರು. 1956ರಲ್ಲಿ ಪ್ರಕಟಿಸಿದರು. ಅವರ ತಾಳ್ಮೆ ನೆನೆಸಿಕೊಂಡರೆ ನನಗೆ ಈಗಲೂ ಗೌರವ ಉಕ್ಕುತ್ತದೆ.

ನಾಲ್ಕರಿಂದ ಎಂಟು ಕಟ್ಟಿನ ಆಟಕ್ಕೆ, ಡೀಲರ್ ಎಲ್ಲ 17ಕ್ಕೂ ನಿಲ್ಲುವ ಮೇಜಿಗೆ, ಪಟ್ಟಿಯ ಮುಖ್ಯ ಭಾಗ ಹೀಗಿದೆ:

ನಿಮ್ಮಲ್ಲಿ 17 ಅಥವಾ ಹೆಚ್ಚಿದ್ದರೆ ನಿಲ್ಲಿ.
13ರಿಂದ 16: ಡೀಲರ್ 2ರಿಂದ 6 ತೋರಿಸಿದರೆ ನಿಲ್ಲಿ, 7 ಅಥವಾ ದೊಡ್ಡದಾದರೆ ಎಲೆ ತಗೊಳ್ಳಿ.
12: ಡೀಲರ್ 4, 5, 6 ಆದರೆ ಮಾತ್ರ ನಿಲ್ಲಿ.
11: ಎಕ್ಕ ಬಿಟ್ಟು ಉಳಿದೆಲ್ಲಕ್ಕೂ ಡಬಲ್ (ಬೆಟ್ ಇಮ್ಮಡಿ ಮಾಡಿ, ಇನ್ನು ಒಂದೇ ಒಂದು ಎಲೆ ತಗೊಳ್ಳುವುದು).
10: ಡೀಲರ್ 2ರಿಂದ 9 ಆದರೆ ಡಬಲ್.
9: ಡೀಲರ್ 3ರಿಂದ 6 ಆದರೆ ಡಬಲ್.
8 ಅಥವಾ ಕಡಿಮೆ: ಎಲೆ ತಗೊಳ್ಳಿ.

ಎಕ್ಕ ಇರುವ ಕೈಗಳು ಬೇರೆ. ಎಕ್ಕ-8, ಎಕ್ಕ-9 ಇದ್ದರೆ ನಿಲ್ಲಿ. ಎಕ್ಕ-7 ಇದ್ದಾಗ ಡೀಲರ್ 3ರಿಂದ 6 ಆದರೆ ಡಬಲ್. 2, 7, 8 ಆದರೆ ನಿಲ್ಲಿ. 9, 10, ಎಕ್ಕ ಆದರೆ ತಗೊಳ್ಳಿ. ಎಕ್ಕ-6ಕ್ಕೆ 3ರಿಂದ 6ರ ಮೇಲೆ ಡಬಲ್. ಎಕ್ಕ-5, ಎಕ್ಕ-4ಕ್ಕೆ 4ರಿಂದ 6ರ ಮೇಲೆ. ಎಕ್ಕ-3, ಎಕ್ಕ-2ಕ್ಕೆ 5, 6ರ ಮೇಲೆ. ಈ ಸಣ್ಣ ಎಕ್ಕದ ಕೈಗಳಿಗೆ ಉಳಿದ ಕಡೆ ಎಲೆ ತಗೊಳ್ಳುವುದೇ.

ಜೋಡಿ ಬಂದಾಗ: ಎಕ್ಕದ ಜೋಡಿ, 8ರ ಜೋಡಿ ಯಾವಾಗಲೂ ಸ್ಪ್ಲಿಟ್ (ಜೋಡಿ ಒಡೆದು, ಇನ್ನೊಂದು ಬೆಟ್ ಇಟ್ಟು ಎರಡು ಕೈಯಾಗಿ ಆಡುವುದು). 10ರ ಜೋಡಿ, 5ರ ಜೋಡಿ ಯಾವತ್ತೂ ಬೇಡ. 9ರ ಜೋಡಿಯನ್ನು 7, 10, ಎಕ್ಕ ಬಿಟ್ಟು ಉಳಿದದ್ದಕ್ಕೆ ಒಡೆಯಿರಿ. 7ರ ಜೋಡಿ 2ರಿಂದ 7ಕ್ಕೆ. ಸ್ಪ್ಲಿಟ್ ಆದ ಮೇಲೆ ಡಬಲ್ ಮಾಡಲು ಬಿಡುವ ಮೇಜಾದರೆ 2 ಮತ್ತು 3ರ ಜೋಡಿಗಳೂ 2ರಿಂದ 7ಕ್ಕೆ, 6ರ ಜೋಡಿ 2ರಿಂದ 6ಕ್ಕೆ, 4ರ ಜೋಡಿ 5, 6ಕ್ಕೆ ಮಾತ್ರ.

ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಕಾರಣ ಹಿಡಿದು ಕಲಿತರೆ ಬೇಗ ಕೂರುತ್ತದೆ. ಡೀಲರ್ 5 ಅಥವಾ 6 ತೋರಿಸಿದಾಗ ನೂರರಲ್ಲಿ ಸುಮಾರು 42 ಸಲ 21 ದಾಟಿ ಸೋಲುತ್ತಾನೆ. ಅದಕ್ಕೇ ಆಗ ನಾವು ಸಣ್ಣ ಕೈಯಲ್ಲೂ ನಿಲ್ಲುತ್ತೇವೆ, ಒಳ್ಳೆ ಕೈಯಿದ್ದರೆ ದುಡ್ಡು ಇಮ್ಮಡಿ ಮಾಡುತ್ತೇವೆ. ಈ ಪಟ್ಟಿ ತಪ್ಪದೆ ಆಡಿದರೆ ಕ್ಯಾಸಿನೊದ ಲಾಭ ಸುಮಾರು 0.5%ಕ್ಕೆ ಇಳಿಯುತ್ತದೆ. ಎಣಿಕೆಯ ಕೆಲಸ ಆ ಉಳಿದ ಅರ್ಧ ಪರ್ಸೆಂಟನ್ನು ದಾಟಿ ಈಚೆಗೆ ಬರುವುದು. ಪಟ್ಟಿಯಲ್ಲೇ ತಪ್ಪಿದರೆ ಎಣಿಸಿ ಗಳಿಸಿದ್ದೆಲ್ಲ ಅಲ್ಲೇ ಸೋರಿ ಹೋಗುತ್ತದೆ.

ನೂರು ಕೈ ಹಾಕಿಕೊಂಡು ಯೋಚಿಸದೆ, ತಪ್ಪದೆ ಆಡಲು ಬಂದ ಮೇಲೆ ಮುಂದಿನ ಹಂತಕ್ಕೆ ಹೋಗಿ. ನನಗೆ ಇದಕ್ಕೆ ಮೂರು ವಾರ ಹಿಡಿಯಿತು.

ಮೂರು ಗುಂಪು

ಎಣಿಸುವ ಪದ್ಧತಿಗಳು ಹತ್ತಾರಿವೆ. ನೀವು ಹೈ-ಲೋ ಒಂದನ್ನೇ ಕಲಿಯಿರಿ. ಹಾರ್ವೆ ಡಬ್ನರ್ 1963ರಲ್ಲಿ ಮುಂದಿಟ್ಟ ಪದ್ಧತಿ ಇದು, ಜೂಲಿಯನ್ ಬ್ರೌನ್ ಅದನ್ನು ಇನ್ನಷ್ಟು ನಯ ಮಾಡಿದರು. ಇವತ್ತಿಗೂ ಹೆಚ್ಚಿನವರು ಇದರಲ್ಲೇ ಶುರು ಮಾಡುತ್ತಾರೆ. ಇದಕ್ಕಿಂತ ಕಷ್ಟದ ಪದ್ಧತಿಗಳು ಕೊಡುವ ಲಾಭ ತೀರಾ ಸ್ವಲ್ಪ. ಅವುಗಳಲ್ಲಿ ಆಗುವ ತಪ್ಪು ಅದಕ್ಕಿಂತ ಜಾಸ್ತಿ.

2, 3, 4, 5, 6 ಬಂದರೆ ಒಂದು ಕೂಡಿಸಿ.
7, 8, 9 ಬಂದರೆ ಸುಮ್ಮನಿರಿ.
10, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ಒಂದು ಕಳೆಯಿರಿ.

ಸಣ್ಣ ಎಲೆ ಹೋದರೆ ಯಾಕೆ ಕೂಡಿಸುವುದು? ಸಣ್ಣ ಎಲೆಗಳು ಡೀಲರ್‌ನ ನೆಂಟರು. 14, 15, 16ರಲ್ಲಿ ಸಿಕ್ಕಿಕೊಂಡ ಡೀಲರ್ ಎಲೆ ತೆಗೆಯಲೇಬೇಕಲ್ಲ, ಆಗ ಸಣ್ಣ ಎಲೆ ಬಂದರೆ ಬಚಾವಾಗುತ್ತಾನೆ. ದೊಡ್ಡ ಎಲೆ ಬಂದರೆ ಮುಳುಗುತ್ತಾನೆ. ದೊಡ್ಡ ಎಲೆ ಜಾಸ್ತಿ ಉಳಿದಿದ್ದರೆ ಬ್ಲ್ಯಾಕ್‌ಜಾಕ್ ಕೂಡ ಜಾಸ್ತಿ ಬರುತ್ತದೆ. ಅದು ಡೀಲರ್‌ಗೂ ಬರುತ್ತದೆ ನಿಜ. ಆದರೆ ಒಂದೂವರೆ ಪಟ್ಟು ಸಿಗುವುದು ನಿಮಗೆ ಮಾತ್ರ. ನೀವು ಡಬಲ್ ಮಾಡಿದಾಗಲೂ ದೊಡ್ಡ ಎಲೆಯೇ ಬೇಕು.

ಒಂದು ಕಟ್ಟಿನಲ್ಲಿ ಸಣ್ಣವು 20, ದೊಡ್ಡವು 20, ನಡುವಿನವು 12. ಹಾಗಾಗಿ ಇಡೀ ಕಟ್ಟು ಎಣಿಸಿ ಮುಗಿಸಿದಾಗ ಸೊನ್ನೆ ಬರಲೇಬೇಕು. ನಿಮ್ಮ ತಪ್ಪು ಹಿಡಿಯಲು ಬೇರೆ ಮೇಷ್ಟ್ರು ಬೇಡ.

ಸೊನ್ನೆಯ ಕೆಳಗೆ ಹೋದಾಗ ಒಂದು ತೊಂದರೆ ಬರುತ್ತದೆ. ಮನಸ್ಸಿನಲ್ಲಿ "ಮೈನಸ್ ನಾಲ್ಕು" ಅಂತ ಹೇಳಿಕೊಳ್ಳುವಷ್ಟರಲ್ಲಿ ಎರಡು ಎಲೆ ದಾಟಿ ಹೋಗಿರುತ್ತದೆ. ಆ "ಮೈನಸ್" ಉದುರಿ ಹೋಗಿ ಬರೀ ನಾಲ್ಕು ಉಳಿದರೆ ಮುಗೀತು, ಲೆಕ್ಕ ಎಂಟು ಅಂಕಿ ಆಚೀಚೆ. ನಾನು ನಮ್ಮ ಅಂಗಡಿ ಲೆಕ್ಕದ ಮಾತನ್ನು ಹಿಡಿದುಕೊಂಡೆ. ಕೆಳಗಿದ್ದರೆ "ಸಾಲ ನಾಲ್ಕು", ಮೇಲಿದ್ದರೆ ಬರೀ "ನಾಲ್ಕು". "ಸಾಲ" ಅನ್ನುವುದು ಎರಡಕ್ಷರ, ಮನಸ್ಸಿಗೆ ತಟ್ಟುತ್ತದೆ, ಮರೆತು ಹೋಗಲ್ಲ.

ಒಂದು ಕಟ್ಟು ಬಿಚ್ಚುವ ಅಭ್ಯಾಸ

ಕಟ್ಟನ್ನು ಚೆನ್ನಾಗಿ ಕಲಸಿ. ಮೇಲಿನ ಒಂದು ಎಲೆಯನ್ನು ನೋಡದೆ ತೆಗೆದು ಮಗುಚಿ ಇಡಿ. ಉಳಿದ 51 ಎಲೆಗಳನ್ನು ಒಂದೊಂದಾಗಿ ತಿರುವುತ್ತಾ ಎಣಿಸಿ. ಕೊನೆಗೆ 1 ಬಂದರೆ ಮಗುಚಿದ ಎಲೆ ದೊಡ್ಡದು. ಸಾಲ 1 ಬಂದರೆ ಸಣ್ಣದು. ಸೊನ್ನೆ ಬಂದರೆ 7, 8 ಅಥವಾ 9. ತಿರುವಿ ನೋಡಿ. ಮೊದಲ ಸಲ ಸರಿಯಾದಾಗ ಆಗುವ ಖುಷಿ ಇದೆಯಲ್ಲ, ಅದಕ್ಕಾಗಿಯೇ ನಾನು ಮಧ್ಯರಾತ್ರಿವರೆಗೆ ಕೂತದ್ದುಂಟು.

ಮೊದಲ ವಾರ ವೇಗ ನೋಡಲೇಬೇಡಿ. ಸರಿ ಬಂದರೆ ಸಾಕು. ಎರಡನೇ ವಾರದಿಂದ ಎರಡೆರಡು ಎಲೆ ಒಟ್ಟಿಗೆ ತಿರುವಿ. ವೇಗ ಬರುವುದು ಇಲ್ಲಿಂದ. ಒಂದು ದೊಡ್ಡದು, ಒಂದು ಸಣ್ಣದು ಬಂದರೆ ಒಂದನ್ನೊಂದು ನುಂಗಿಬಿಡುತ್ತವೆ, ನೀವು ಏನೂ ಮಾಡಬೇಕಿಲ್ಲ. ಹೀಗೆ, ಪಕ್ಕದ ಅಂಕಿ ಅಲ್ಲಿವರೆಗಿನ ಒಟ್ಟು ಎಣಿಕೆ:

ಗುಲಾಮ ಮತ್ತು 4: ಏನಿಲ್ಲ, ಸೊನ್ನೆ.
6 ಮತ್ತು 2: ಎರಡು.
9 ಮತ್ತು ರಾಣಿ: ಒಂದು.
5 ಮತ್ತು 3: ಮೂರು.
ಎಕ್ಕ ಮತ್ತು 10: ಒಂದು.
8 ಮತ್ತು 7: ಒಂದೇ.
2 ಮತ್ತು 6: ಮೂರು.

ಹದಿನಾಲ್ಕು ಎಲೆ ಹೋಯಿತು, ಬಾಯಲ್ಲಿ ಆಡಿದ್ದು ಏಳು ಪದ. ಸ್ವಲ್ಪ ದಿನ ಆದ ಮೇಲೆ ಜೋಡಿಯನ್ನು ಓದುವುದೇ ನಿಂತು ಹೋಗುತ್ತದೆ. "ಅಮ್ಮ" ಅಂತ ಬರೆದಿದ್ದರೆ ಅಕ್ಷರ ಕೂಡಿಸಿ ಓದುತ್ತೀರಾ? ಇಲ್ಲ, ಕಂಡ ತಕ್ಷಣ ಗೊತ್ತಾಗುತ್ತದೆ. ಹಾಗೆ.

ಗುರಿ: ಒಂದು ಕಟ್ಟು 30 ಸೆಕೆಂಡಿಗೆ, ಸತತ ಹತ್ತು ಸಲ ತಪ್ಪಿಲ್ಲದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಭಾನುವಾರ ಮೂರು ಗಂಟೆ ಕೂತು ಉಳಿದ ದಿನ ಬಿಟ್ಟರೆ ಬರುವುದಿಲ್ಲ.

ಐದು ಜನರ ಮೇಜು

ಕಟ್ಟು ಎಣಿಸಲು ಬಂದ ಮೇಲೆ ನಿಜವಾದ ಮೇಜಿನ ಹಾಗೆ ಹಾಕಿಕೊಳ್ಳಿ. ಊಟದ ಮೇಜು ಸಾಕು. ಚಿಪ್ (ಕ್ಯಾಸಿನೊದಲ್ಲಿ ದುಡ್ಡಿನ ಬದಲು ಇಡುವ ಬಿಲ್ಲೆ) ಬದಲಿಗೆ ಹುಣಸೆ ಬೀಜ ಇಟ್ಟುಕೊಳ್ಳಿ. ನಾಲ್ಕು ಆಟಗಾರರಿಗೆ ಎರಡೆರಡು ತೆರೆದ ಎಲೆ, ಡೀಲರ್‌ಗೆ ಒಂದು ತೆರೆದದ್ದು, ಒಂದು ಮುಚ್ಚಿದ್ದು.

ಎಲೆ ಬೀಳುತ್ತಿದ್ದಂತೆ ಎಣಿಸಬೇಡಿ. ಎಲ್ಲರಿಗೂ ಎರಡನೇ ಎಲೆ ಬೀಳುವವರೆಗೆ ಕಾಯಿರಿ. ಆಮೇಲೆ ಒಂದು ಕಡೆಯಿಂದ ಜೋಡಿ ಜೋಡಿಯಾಗಿ ಕಣ್ಣು ಹಾಯಿಸಿ. ಒಂದು ಸುತ್ತು ನೋಡೋಣ.

ಮೊದಲನೆಯವರ ಮುಂದೆ 10, 6. ಸೊನ್ನೆ. ಎರಡನೆಯವರದು 5, 4. ಎರಡು. ಮೂರನೆಯವರಿಗೆ ಎಕ್ಕ, ರಾಣಿ, ಅಂದರೆ ಬ್ಲ್ಯಾಕ್‌ಜಾಕ್. ಮತ್ತೆ ಸೊನ್ನೆ. ನಾಲ್ಕನೆಯವರದು 7, 3. ಒಂದು. ಡೀಲರ್ 6 ತೋರಿಸುತ್ತಿದ್ದಾನೆ. ಎರಡು. ಈಗ ಆಟ ಶುರು. ಮೊದಲನೆಯವರು 16ಕ್ಕೆ ನಿಂತರು. ಎರಡನೆಯವರು 9ರ ಮೇಲೆ ಡಬಲ್ ಮಾಡಿದರು, ರಾಜ ಬಂತು. ಎಣಿಕೆ ಒಂದು. ಮೂರನೆಯವರ ದುಡ್ಡು ಕೊಟ್ಟು ಡೀಲರ್ ಅವರ ಎಲೆ ಎತ್ತಿಕೊಂಡ. ಅದನ್ನು ಆಗಲೇ ಎಣಿಸಿದ್ದೀರಿ, ಮತ್ತೆ ಮುಟ್ಟಬೇಡಿ. ನಾಲ್ಕನೆಯವರು 10ರ ಮೇಲೆ ಡಬಲ್ ಮಾಡಿದರು, ಬಂದದ್ದು 2. ಎಣಿಕೆ ಎರಡು. ಡೀಲರ್ ಮುಚ್ಚಿದ ಎಲೆ ತಿರುವಿದ, ಗುಲಾಮ. ಒಂದು. ಅವನಲ್ಲೀಗ 16. ಇನ್ನೊಂದು ಎಲೆ ತೆಗೆದ, 5. ಎಣಿಕೆ ಎರಡು. ಅವನಿಗೆ 21.

ಬ್ಲ್ಯಾಕ್‌ಜಾಕ್ ಬಂದವರನ್ನು ಬಿಟ್ಟು ಎಲ್ಲರೂ ಸೋತರು. ಯಾರೂ ತಪ್ಪು ಆಡಲಿಲ್ಲ. ಡೀಲರ್ 6 ತೋರಿಸಿದಾಗ ಎಲ್ಲರೂ ಮಾಡಬೇಕಾದ್ದನ್ನೇ ಮಾಡಿದರು. ಇಂಥ ಸುತ್ತು ನೂರಾರು ಬರುತ್ತವೆ. ಹೊಟ್ಟೆ ಉರಿದರೂ ನಿಮ್ಮ ಕೈಯಲ್ಲಿ ಉಳಿಯಬೇಕಾದದ್ದು ಆ "ಎರಡು".

ಹೊಸಬರು ಇಲ್ಲಿ ಮಾಡುವ ತಪ್ಪು ಎರಡು. ಒಂದು, ಮುಚ್ಚಿದ ಎಲೆಯನ್ನು ಎಣಿಸದೆ ಬಿಡುವುದು. ಡೀಲರ್ ಅದನ್ನು ತಿರುವುವ ಹೊತ್ತಿಗೆ ಎಲ್ಲರ ಮನಸ್ಸು ಗೆದ್ದೆನಾ ಸೋತೆನಾ ಅನ್ನುವುದರ ಮೇಲಿರುತ್ತದೆ. ನನಗೆ ಈ ತಪ್ಪು ಬಿಡಿಸಿಕೊಳ್ಳಲು ಒಂದು ತಿಂಗಳು ಬೇಕಾಯಿತು. ಇನ್ನೊಂದು, ತುಟಿ ಅಲ್ಲಾಡಿಸುವುದು. ಮನೆಯಲ್ಲಿ ಎಲೆ ಹಾಕುತ್ತಿದ್ದದ್ದು ನನ್ನ ಹೆಂಡತಿ. ಎಣಿಕೆ ಅವಳಿಗೆ ಬರುತ್ತಿರಲಿಲ್ಲ. ಆದರೆ ನಾಲ್ಕನೇ ದಿನಕ್ಕೆ ಹೇಳಿದಳು: "ರೀ, ನಿಮ್ಮ ಬಾಯಿ ಅಲ್ಲಾಡ್ತಿದೆ. ದೇವರ ಮುಂದೆ ಜಪ ಮಾಡೋರ ಥರ ಕಾಣ್ತೀರಿ." ಇಪ್ಪತ್ತು ವರ್ಷ ಮೇಜು ಕಾದವರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಬಾಯಲ್ಲಿ ಒಂದು ಏಲಕ್ಕಿ ಇಟ್ಟುಕೊಂಡು ಅಭ್ಯಾಸ ಮಾಡಿದೆ. ತುಟಿ ಅಲ್ಲಾಡಿದರೆ ತಕ್ಷಣ ಗೊತ್ತಾಗುತ್ತಿತ್ತು.

ಟ್ರೂ ಕೌಂಟ್: ಹೆಚ್ಚಿನವರು ಎಡವೋದು ಇಲ್ಲೇ

ಇದುವರೆಗೆ ಎಣಿಸಿದ್ದು ರನ್ನಿಂಗ್ ಕೌಂಟ್. ಬರೀ ಅದನ್ನು ನೋಡಿ ದುಡ್ಡು ಹಾಕಿದರೆ ಕೆಟ್ಟಿರಿ. ಒಂದು ಚಮಚ ಉಪ್ಪನ್ನು ಒಂದು ಲೋಟ ಮಜ್ಜಿಗೆಗೆ ಹಾಕಿದರೆ ಕುಡಿಯಲು ಆಗಲ್ಲ. ಅದೇ ಚಮಚವನ್ನು ಒಂದು ಕೊಡ ಮಜ್ಜಿಗೆಗೆ ಹಾಕಿದರೆ ಉಪ್ಪೇ ಗೊತ್ತಾಗಲ್ಲ. ಎಣಿಕೆಯೂ ಹಾಗೆ. ಎಣಿಕೆ ಆರು ಅನ್ನುವುದು ಮುಖ್ಯವಲ್ಲ, ಉಳಿದ ಎಷ್ಟು ಎಲೆಯಲ್ಲಿ ಆರು ಅನ್ನುವುದು ಮುಖ್ಯ.

ಕ್ಯಾಸಿನೊದಲ್ಲಿ ಸಾಮಾನ್ಯವಾಗಿ ಆರು ಅಥವಾ ಎಂಟು ಕಟ್ಟು ಸೇರಿಸಿ ಷೂ ಅನ್ನುವ ಡಬ್ಬಿಯಿಂದ ಹಂಚುತ್ತಾರೆ. ರನ್ನಿಂಗ್ ಕೌಂಟನ್ನು ಇನ್ನೂ ಹಂಚದೆ ಉಳಿದ ಕಟ್ಟುಗಳ ಸಂಖ್ಯೆಯಿಂದ ಭಾಗಿಸಿ. ಬಂದದ್ದು ಟ್ರೂ ಕೌಂಟ್. ರನ್ನಿಂಗ್ 6, ಉಳಿದದ್ದು ಐದು ಕಟ್ಟು ಅಂದರೆ ಟ್ರೂ ಕೌಂಟ್ ಒಂದರ ಸ್ವಲ್ಪ ಮೇಲೆ. ಅದೇ 6, ಉಳಿದದ್ದು ಎರಡೇ ಕಟ್ಟು ಅಂದರೆ ಟ್ರೂ ಕೌಂಟ್ 3. ಮೊದಲನೆಯದರಲ್ಲಿ ಸುಮ್ಮನಿರಬೇಕು, ಎರಡನೆಯದರಲ್ಲಿ ದುಡ್ಡು ಏರಿಸಬೇಕು.

ಉಳಿದ ಕಟ್ಟು ಎಷ್ಟು ಅಂತ ಗೊತ್ತಾಗುವುದು ಹೇಗೆ? ಆಡಿ ಮುಗಿದ ಎಲೆಗಳು ಡೀಲರ್‌ನ ಬಲಗಡೆ ಒಂದು ತಟ್ಟೆಯಲ್ಲಿ ಪೇರಿಸಿರುತ್ತವೆ. ಅದರ ಎತ್ತರ ನೋಡಿ ಅಂದಾಜು ಮಾಡಿ, ಒಟ್ಟಿನಿಂದ ಕಳೆಯಬೇಕು. ಒಂದು ಕಟ್ಟು ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪ. ಇದಕ್ಕೆ ಕಣ್ಣು ಪಳಗಬೇಕು, ಮನೆಯಲ್ಲಿ ಪಳಗಿಸಬಹುದು. ಆರು ಕಟ್ಟು ಕೊಂಡುಕೊಳ್ಳಿ. ಅರ್ಧ, ಒಂದು, ಒಂದೂವರೆ, ಎರಡು ಹೀಗೆ ಎಲೆ ಎಣಿಸಿ ಪೇರಿಸಿ, ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನ ಮೇಲೆ ಸಾಲಾಗಿ ಇಡಿ. ಹೋಗುತ್ತಾ ಬರುತ್ತಾ ನೋಡಿ. ಆಮೇಲೆ ರಾಶಿಯಿಂದ ಒಂದು ಹಿಡಿ ಎತ್ತಿ, ಎಷ್ಟಿದೆ ಅಂತ ಮೊದಲು ಹೇಳಿ, ಮತ್ತೆ ಎಣಿಸಿ. ನಮ್ಮ ಅಜ್ಜಿ ಸೇರು ಇಲ್ಲದೆ ಕೈಯಲ್ಲೇ ಅಕ್ಕಿ ಅಳೆಯುತ್ತಿದ್ದರು. ಕಣ್ಣಿಗೂ ಅದೇ ಅಭ್ಯಾಸ ಬರುತ್ತದೆ. ಅರ್ಧ ಕಟ್ಟಿನೊಳಗೆ ಸರಿಯಾದರೆ ಸಾಕು.

ಭಾಗಾಕಾರಕ್ಕೆ ಹೆದರಬೇಡಿ. ಪೂರ್ತಿ ಅಂಕಿಗೆ ಕೆಳಗೆ ಇಳಿಸಿಬಿಡಿ. 7ನ್ನು 3ರಿಂದ ಭಾಗಿಸಿದರೆ ಎರಡು ಚಿಲ್ಲರೆ, ಅದನ್ನು ಎರಡು ಅನ್ನಿ. ಪ್ರತಿ ಎಲೆಗೂ ಭಾಗಿಸಬೇಕಿಲ್ಲ. ಬೆಟ್ ಹಾಕುವ ಮುಂಚೆ ಒಂದು ಸಲ, ಅನುಮಾನದ ಕೈ ಬಂದಾಗ ಒಂದು ಸಲ. ಭಾಗಿಸಿದ ಮೇಲೆ ವಾಪಸ್ ರನ್ನಿಂಗ್ ಕೌಂಟಿಗೆ ಬರುವುದನ್ನು ಮರೆಯಬೇಡಿ. ಟ್ರೂ ಕೌಂಟನ್ನೇ ಹಿಡಿದು ಮುಂದೆ ಎಣಿಸಲು ಶುರು ಮಾಡುವುದು ಎಲ್ಲರಿಗೂ ಒಮ್ಮೆಯಾದರೂ ಆಗುವ ತಪ್ಪು.

ಯಾವಾಗ ಎಷ್ಟು ಹಾಕಬೇಕು

ಟ್ರೂ ಕೌಂಟ್ ಒಂದು ಏರಿದರೆ ನಿಮ್ಮ ಕಡೆಗೆ ಸುಮಾರು 0.5% ವಾಲುತ್ತದೆ. ಶುರುವಿನಲ್ಲಿ ನೀವು 0.5% ಹಿಂದಿದ್ದೀರಿ. ಹಾಗಾಗಿ ಟ್ರೂ 1ರಲ್ಲಿ ಸಮ, 2ರಲ್ಲಿ 0.5% ಮುಂದೆ, 3ರಲ್ಲಿ 1% ಮುಂದೆ.

ಎಷ್ಟು ಹಾಕಬೇಕು ಅನ್ನುವುದಕ್ಕೆ ಒಂದು ಸೂತ್ರವಿದೆ. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟದ್ದು. ಥಾರ್ಪ್ ಅದನ್ನು ಬ್ಲ್ಯಾಕ್‌ಜಾಕ್‌ಗೆ ತಂದರು. ನಿಮ್ಮ ಲಾಭದ ಪ್ರಮಾಣವನ್ನು ಸುಮಾರು 1.3ರಿಂದ ಭಾಗಿಸಿ, ಬಂದಷ್ಟು ಪಾಲನ್ನು ನಿಮ್ಮ ಒಟ್ಟು ಬಂಡವಾಳದಿಂದ ಹಾಕಿ. ಪೂರ್ತಿ ಹಾಕಿದರೆ ಏರಿಳಿತ ತಡೆಯಲು ಆಗಲ್ಲ, ಅದಕ್ಕೆ ಅನುಭವಸ್ಥರು ಅರ್ಧ ಹಾಕುತ್ತಾರೆ. ಇದಕ್ಕೆಂದೇ ಬೇರೆ ಇಟ್ಟ 10,000 ಡಾಲರ್ ಇದ್ದು, ಮೇಜಿನ ಕನಿಷ್ಠ ಬೆಟ್ 10 ಡಾಲರ್ ಆದರೆ ಹೆಚ್ಚೂಕಮ್ಮಿ ಹೀಗಾಗುತ್ತದೆ: ಟ್ರೂ 1 ಅಥವಾ ಕೆಳಗೆ 10 ಡಾಲರ್, 2ಕ್ಕೆ 20, 3ಕ್ಕೆ 40, 4ಕ್ಕೆ 60, 5ಕ್ಕೆ ಮತ್ತು ಮೇಲೆ 80.

ಈಗ ಒಂದು ಲೆಕ್ಕ ಗಮನಿಸಿ. ನಿಮಗೆ 1% ಲಾಭ ಇರುವ ನೂರು ಕೈಯನ್ನು ಒಂದೇ ಮೊತ್ತದಲ್ಲಿ ಆಡಿದರೆ ಸರಾಸರಿ ಸಿಗುವುದು ಒಂದು ಬೆಟ್ಟಿನಷ್ಟು. ಅದರ ಸುತ್ತಿನ ಏರಿಳಿತ ಸುಮಾರು ಹನ್ನೊಂದೂವರೆ ಬೆಟ್. ಅಂದರೆ ಎಲ್ಲ ಸರಿಯಾಗಿ ಮಾಡಿಯೂ ವಾರಗಟ್ಟಲೆ ಸೋಲುವುದು ತೀರಾ ಸಹಜ. ಮನೆ ಬಾಡಿಗೆ, ಮಕ್ಕಳ ಫೀಸು, ಸಾಲದ ದುಡ್ಡು ತಂದು ಇದಕ್ಕೆ ಹಾಕುವ ಯೋಚನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಕಳಕಳಿಯಿಂದ ಹೇಳುತ್ತಿದ್ದೇನೆ. ಸೋತದ್ದನ್ನು ವಾಪಸ್ ತರಬೇಕು ಅಂತ ಕೈ ತುರಿಸುವವರಿಗೆ ಈ ವಿದ್ಯೆ ಕೆಟ್ಟದ್ದು. ಅವರು ಎಣಿಕೆ ಇಲ್ಲದಾಗಲೂ ದುಡ್ಡು ಏರಿಸುತ್ತಾರೆ.

ಎಣಿಕೆ ನೋಡಿ ಆಟ ಬದಲಿಸುವುದು

ಬೇಸಿಕ್ ಸ್ಟ್ರಾಟಜಿ ಹೊಸ ಕಟ್ಟಿಗೆ ಮಾಡಿದ್ದು. ಉಳಿದ ಎಲೆಗಳಲ್ಲಿ ಸಣ್ಣದು ದೊಡ್ಡದರ ಪ್ರಮಾಣ ಬದಲಾದರೆ ಕೆಲವು ಕೈಗಳ ಉತ್ತರವೂ ಬದಲಾಗುತ್ತದೆ. ಇಂಥ ನೂರಾರು ಬದಲಾವಣೆಗಳಲ್ಲಿ ಹದಿನೆಂಟು ಕಲಿತರೆ ಹೆಚ್ಚಿನ ಲಾಭ ಸಿಕ್ಕಿಬಿಡುತ್ತದೆ ಅಂತ ಡಾನ್ ಶ್ಲೆಸಿಂಜರ್ ತೋರಿಸಿಕೊಟ್ಟರು. ನೀವು ಆರರಿಂದ ಶುರು ಮಾಡಿ.

ಎಲ್ಲಕ್ಕಿಂತ ಮುಖ್ಯ ಇನ್ಶೂರೆನ್ಸ್. ಡೀಲರ್ ಎಕ್ಕ ತೋರಿಸಿದಾಗ ಈ ಪಕ್ಕದ ಬೆಟ್ ಬೇಕಾ ಅಂತ ಕೇಳುತ್ತಾರೆ. ಅವನ ಮುಚ್ಚಿದ ಎಲೆ 10 ಆದರೆ ಒಂದಕ್ಕೆ ಎರಡು ಕೊಡುತ್ತಾರೆ. ಲಾಭ ಬರಬೇಕಾದರೆ ಉಳಿದ ಎಲೆಯಲ್ಲಿ ಮೂರಕ್ಕೊಂದಕ್ಕಿಂತ ಹೆಚ್ಚು 10 ಇರಬೇಕು. ಹೊಸ ಕಟ್ಟಿನಲ್ಲಿರುವುದು 52ಕ್ಕೆ 16, ಅಂದರೆ 30.8% ಮಾತ್ರ. ಹಾಗಾಗಿ ಸಾಮಾನ್ಯವಾಗಿ ಬೇಡ. ಟ್ರೂ 3 ಅಥವಾ ಮೇಲಿದ್ದರೆ ತಗೊಳ್ಳಿ.

ಉಳಿದ ಐದು: ನಿಮ್ಮ 16, ಡೀಲರ್ 10 ಇದ್ದಾಗ ಎಣಿಕೆ ಸೊನ್ನೆಗಿಂತ ಮೇಲಿದ್ದರೆ ನಿಲ್ಲಿ. ನಿಮ್ಮ 15, ಡೀಲರ್ 10 ಇದ್ದಾಗ ಟ್ರೂ 4ರಿಂದ ನಿಲ್ಲಿ. ನಿಮ್ಮ 12, ಡೀಲರ್ 3 ಇದ್ದಾಗ 2ರಿಂದ ನಿಲ್ಲಿ. 12, ಡೀಲರ್ 2 ಇದ್ದಾಗ 3ರಿಂದ ನಿಲ್ಲಿ. ನಿಮ್ಮ 10, ಡೀಲರ್ 10 ಇದ್ದಾಗ 4ರಿಂದ ಡಬಲ್ ಮಾಡಿ.

ಯಾವ ಮೇಜು, ಯಾವ ಊರು

ಎಲ್ಲ ಮೇಜಿನಲ್ಲೂ ಎಣಿಕೆ ಕೆಲಸ ಮಾಡಲ್ಲ. ಮೇಜಿನ ಬಟ್ಟೆಯ ಮೇಲೆ ಬರೆದದ್ದನ್ನು ಓದಿ. ಬ್ಲ್ಯಾಕ್‌ಜಾಕ್‌ಗೆ 3:2 ಅಂತ ಇರಬೇಕು. 6:5 ಅಂತ ಇದ್ದರೆ ಎದ್ದು ಬನ್ನಿ. 10 ಡಾಲರ್‌ಗೆ 15 ಬರುವ ಕಡೆ 12 ಬರುತ್ತದೆ, ಕ್ಯಾಸಿನೊದ ಲಾಭ 1.4%ನಷ್ಟು ಏರುತ್ತದೆ. ಆಡಿದ ಎಲೆಗಳನ್ನು ಆಗಿಂದಾಗ್ಗೆ ಒಳಗೆ ಹಾಕಿ ಕಲಸುತ್ತಲೇ ಇರುವ ಯಂತ್ರ ಇದ್ದರೆ ಎಣಿಸಲು ಏನೂ ಉಳಿಯಲ್ಲ. ಕಂಪ್ಯೂಟರ್ ಎಲೆ ಹಂಚುವ ಆಟದಲ್ಲೂ ಪ್ರತಿ ಕೈಗೂ ಹೊಸ ಕಟ್ಟು. ಷೂ ಇದ್ದರೂ ಡೀಲರ್ ಎಷ್ಟು ಆಳದವರೆಗೆ ಹಂಚುತ್ತಾನೆ ಅಂತ ನಿಂತು ನೋಡಿ. ಆರರಲ್ಲಿ ನಾಲ್ಕೂವರೆ ಕಟ್ಟಾದರೂ ಹೊರಗೆ ಬರಬೇಕು. ಮೂರಕ್ಕೇ ಕಲಸುವ ಮೇಜಿನಲ್ಲಿ ಒಳ್ಳೆ ಎಣಿಕೆ ಬರುವ ಹೊತ್ತಿಗೆ ಆಟವೇ ಮುಗಿದಿರುತ್ತದೆ.

ಕಾನೂನಿನ ಮಾತು. ಲಾಸ್ ವೇಗಸ್ ಇರುವ ನೆವಾಡ ರಾಜ್ಯದಲ್ಲಿ ತಲೆಯಲ್ಲಿ ಎಣಿಸುವುದು ಅಪರಾಧವಲ್ಲ. ಆದರೆ ಫೋನ್, ಯಂತ್ರ ಯಾವುದನ್ನಾದರೂ ಬಳಸಿ ಎಣಿಸಿದರೆ ಅಪರಾಧ, 1985ರಿಂದ ಕಾನೂನಿದೆ. ತಲೆಯಲ್ಲಿ ಎಣಿಸುವವರನ್ನೂ ಕ್ಯಾಸಿನೊ ಎಬ್ಬಿಸಿ ಕಳಿಸಬಹುದು. ಹಾಗೆ ಹೇಳಿದರೆ ವಾದ ಮಾಡದೆ ಚಿಪ್ ಎತ್ತಿಕೊಂಡು ಹೊರಡಿ. ನ್ಯೂಜೆರ್ಸಿಯಲ್ಲಿ ಕೆನ್ ಯೂಸ್ಟನ್ ಎಂಬ ಆಟಗಾರ ಕೋರ್ಟಿಗೆ ಹೋದರು. 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಎಣಿಸುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಕ್ಯಾಸಿನೊಗಳು ತಾವಾಗಿಯೇ ಯಾರನ್ನೂ ಹೊರಗಿಡುವಂತಿಲ್ಲ ಅಂದಿತು. ಹಾಗಾಗಿ ಆ ರಾಜ್ಯದ ಕ್ಯಾಸಿನೊ ಊರು ಅಟ್ಲಾಂಟಿಕ್ ಸಿಟಿಯಲ್ಲಿ ಹೊರಗೆ ಹಾಕಲ್ಲ, ಬದಲಿಗೆ ಬೇಗ ಬೇಗ ಕಲಸಿಬಿಡುತ್ತಾರೆ.

ಇನ್ನು ನಮ್ಮ ಕಡೆ. ಕರ್ನಾಟಕದಲ್ಲಿ ಕ್ಯಾಸಿನೊಗೆ ಅವಕಾಶವಿಲ್ಲ, ಜೂಜಿನ ಅಡ್ಡೆ ನಡೆಸುವುದು, ಅಲ್ಲಿ ಆಡುವುದು 1963ರ ಪೊಲೀಸ್ ಕಾಯ್ದೆಯಡಿ ಅಪರಾಧ. ದುಡ್ಡಿಟ್ಟು ಆನ್‌ಲೈನ್ ಆಡುವುದಕ್ಕೆ ಅವಕಾಶ ಕೊಡುವುದನ್ನು 2025ರಲ್ಲಿ ಕೇಂದ್ರದ ಕಾನೂನು ನಿಷೇಧಿಸಿತು. ಗೋವಾದ ಮಾಂಡೋವಿ ನದಿಯ ಹಡಗುಗಳಲ್ಲಿ ಬ್ಲ್ಯಾಕ್‌ಜಾಕ್ ಆಡಬಹುದು. ಬೆಂಗಳೂರು, ಹುಬ್ಬಳ್ಳಿಯಿಂದ ಹೋಗುವವರು ನನ್ನನ್ನು ಕೇಳುತ್ತಲೇ ಇರುತ್ತಾರೆ: ಅಲ್ಲಿ ಎಣಿಸಬಹುದಾ ಅಂತ. ಎಣಿಸಬಹುದು, ಗಳಿಸಲು ಆಗಲ್ಲ. ಚಿಪ್ ಕೊಳ್ಳಲು ಕೊಟ್ಟ ಪೂರ್ತಿ ದುಡ್ಡಿನ ಮೇಲೆ ಜಿಎಸ್‌ಟಿ ಇದೆ. 2023ರ ಅಕ್ಟೋಬರಿನಿಂದ 28% ಇತ್ತು, 2025ರ ಸೆಪ್ಟೆಂಬರ್ 22ರಿಂದ 40% ಆಯಿತು. ಹತ್ತು ಸಾವಿರದ ಚಿಪ್ಪಿನ ಮೇಲೆ ನಾಲ್ಕು ಸಾವಿರ ತೆರಿಗೆ. 1% ಲಾಭದಲ್ಲಿ ಆ ನಾಲ್ಕು ಸಾವಿರ ವಾಪಸ್ ಬರಬೇಕಾದರೆ ಒಟ್ಟು ನಾಲ್ಕು ಲಕ್ಷದ ಬೆಟ್ ಹಾಕಬೇಕು, ಅದೂ ಎಲ್ಲ ಸರಾಸರಿಗೆ ಸರಿಯಾಗಿ ಬಿದ್ದರೆ. ಗೆದ್ದದ್ದಕ್ಕೆ 30% ಆದಾಯ ತೆರಿಗೆ ಬೇರೆ. ನಮ್ಮ ದೇಶದಲ್ಲಿರುವವರಿಗೆ ನನ್ನ ಸಲಹೆ: ಇದನ್ನು ಚೆಸ್ ಕಲಿತ ಹಾಗೆ ಕಲಿಯಿರಿ, ಹುಣಸೆ ಬೀಜದಲ್ಲೇ ಆಡಿ.

ಗದ್ದಲದ ಪರೀಕ್ಷೆ

ಮನೆಯ ನಿಶ್ಶಬ್ದದಲ್ಲಿ ಬಂದದ್ದು ಮೇಜಿನಲ್ಲಿ ಬರುವುದಿಲ್ಲ. ಲಾಸ್ ವೇಗಸ್‌ನಲ್ಲಿ ನನ್ನ ಮೊದಲ ರಾತ್ರಿ ಎಣಿಕೆ ಹನ್ನೊಂದಕ್ಕೆ ಏರಿತ್ತು. ಎರಡೂವರೆ ಕಟ್ಟು ಉಳಿದಿತ್ತು. ಅಷ್ಟರಲ್ಲಿ ಟ್ರೇ ಹಿಡಿದ ಹುಡುಗಿ ಬಂದು ಏನು ಕುಡಿಯುತ್ತೀರಿ ಅಂದಳು. "ಕಾಫಿ" ಅಂದೆ. ತಿರುಗಿ ನೋಡಿದರೆ ತಲೆಯಲ್ಲಿ ಯಾವ ಅಂಕಿಯೂ ಇರಲಿಲ್ಲ. ಎಷ್ಟೋ ದಿನದ ಅಭ್ಯಾಸ ಒಂದು ಕಾಫಿಗೆ ಹೋಯಿತು. ಹಾಗೆ ಎಣಿಕೆ ತಪ್ಪಿದಾಗ ಊಹೆ ಮಾಡಬೇಡಿ. ಕನಿಷ್ಠ ಬೆಟ್‌ಗೆ ಇಳಿದು, ಮತ್ತೆ ಕಲಸುವ ತನಕ ಸುಮ್ಮನೆ ಆಡಿ.

ಊರಿಗೆ ಬಂದ ಮೇಲೆ ಅಡುಗೆ ಮನೆಯ ಪಕ್ಕ ಕೂತು ಅಭ್ಯಾಸ ಶುರು ಮಾಡಿದೆ. ಟಿವಿಯಲ್ಲಿ ಕ್ರಿಕೆಟ್ ಸ್ಕೋರು, ಹೊರಗೆ ತರಕಾರಿ ಗಾಡಿಯವರ ಕೂಗು, ಮಧ್ಯೆ ಯಾರಾದರೂ ಏನಾದರೂ ಕೇಳುವುದು. ಎಲ್ಲಕ್ಕಿಂತ ಕಷ್ಟ ಬೇರೆ ಅಂಕಿಗಳು. ಬೆಲೆ, ಟೈಮು, ಫೋನ್ ನಂಬರ್ ಕಿವಿಗೆ ಬಿದ್ದರೆ ನಿಮ್ಮ ಅಂಕಿಯನ್ನು ಅವು ತಳ್ಳಿಹಾಕುತ್ತವೆ. ಬೇಕಂತಲೇ ಮನೆಯವರಿಗೆ ಹೇಳಿ: ಎಣಿಸುವಾಗ ಅಂಕಿ ಬರುವ ಪ್ರಶ್ನೆಯನ್ನೇ ಕೇಳಿ ಅಂತ. ಉತ್ತರ ಕೊಡುವ ಮೊದಲು ನಿಮ್ಮ ಅಂಕಿಯನ್ನು ಬೆರಳಿನಲ್ಲಿ ಅದುಮಿ ಇಟ್ಟುಕೊಳ್ಳಿ. ಬೆರಳಿನ ಗೆಣ್ಣು ಎಣಿಸುವುದು ನಮಗೆ ಚಿಕ್ಕಂದಿನಿಂದ ಬಂದದ್ದೇ. ಹೆಬ್ಬೆರಳನ್ನು ನಾಲ್ಕನೇ ಗೆಣ್ಣಿನ ಮೇಲಿಟ್ಟು ಮಾತಾಡಿ ಮುಗಿಸಿದರೆ, ವಾಪಸ್ ಬಂದಾಗ ನಾಲ್ಕು ಅಲ್ಲೇ ಇರುತ್ತದೆ.

ಕೊನೆಯ ಪರೀಕ್ಷೆ ನನ್ನ ಮನೆಯಲ್ಲಿ ಹೀಗೆ ನಡೆಯುತ್ತದೆ. ಆರು ಕಟ್ಟು ಕಲಸಿ, ನಾಲ್ಕು ಆಟಗಾರರ ಮೇಜು ಹಾಕಿ, ಎಲೆ ಮುಗಿಯುವ ತನಕ ಹಂಚಬೇಕು. ಒಲೆ ಮೇಲೆ ಬೇಳೆ ಇಟ್ಟಿರುತ್ತೇವೆ. ಹೆಂಡತಿ ಮಧ್ಯೆ ಮಧ್ಯೆ ಹಾಲಿನ ಲೆಕ್ಕ ಕೇಳುತ್ತಾಳೆ. ಕೊನೇ ಎಲೆ ಬಿದ್ದಾಗ ಎಣಿಕೆ ಸೊನ್ನೆಗೆ ಬಂದಿರಬೇಕು. ಮತ್ತೆ ಕುಕ್ಕರ್ ಎಷ್ಟು ವಿಷಲ್ ಕೂಗಿತು ಅಂತ ಅವಳು ಕೇಳಿದರೆ ಅದನ್ನೂ ಸರಿಯಾಗಿ ಹೇಳಬೇಕು. ಮೊದಲ ತಿಂಗಳು ಎರಡರಲ್ಲಿ ಒಂದು ತಪ್ಪುತ್ತಲೇ ಇತ್ತು. ಎರಡೂ ಸರಿ ಬಂದ ದಿನ ಬೇಳೆ ಹದವಾಗಿ ಬೆಂದಿತ್ತು.